ಎಂಟು ಪಟ್ಟು

26 ಮಾರ್ಚ್ 2001, ಸೋಮವಾರ

ನಾವು ಇಂಟರ್ನೆಟ್ ಕೊಡುವ ಮೂರು ಲೈನೂ ಎದ್ದಿವೆ. ಉದ್ಯಮಬಾಗದ ಫೌಂಡ್ರಿ, ಸದಾಶಿವನಗರದ ಸೈಬರ್ ಕೆಫೆ, ಖಾನಾಪುರದ ಕಂಪ್ಯೂಟರ್ ಸೆಂಟರ್. ಖಾನಾಪುರ ಎಂದಿನಂತೆ ಕುಂಟುತ್ತಿದೆ. ಕೆಫೆಯವರು ಹಾಡು ಇಳಿಸಲು ಕೂತರೆ ಉಳಿದವರಿಗೆಲ್ಲ ಉಪವಾಸ.

ಇಂದಿನಿಂದ ಹಂಚಿಕೆ. ಲೈನ್ ಹಂಚುವ ಹೊಸ ಸ್ವಿಚ್ ಕೊಡಿಸುವುದಿಲ್ಲ ಎಂದು ಗುರುಪುತ್ರಪ್ಪ ಸರ್ ಮೊದಲೇ ಹೇಳಿದ್ದಾರೆ — ಮಾಲೀಕರು, ಅವರ ಮಾತಿಗೆ ಅಪೀಲಿಲ್ಲ. ಹಳೆಯ ಪೆಂಟಿಯಂ ಮಷಿನ್ನಿಗೆ ಐದು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ಲಿನಕ್ಸಿನೊಳಗೇ ಸ್ವಿಚ್ ಕಟ್ಟಿದೆ. ಡಬ್ಬಿಯಿಲ್ಲ, ದೀಪಗಳಿಲ್ಲ. ಎಲ್ಲ ಸಾಫ್ಟ್‌ವೇರ್. ಒಬ್ಬೊಬ್ಬರಿಗೂ ಒಂದೊಂದು ಸರತಿ, ಸರತಿಗೊಂದು ಪಾಲು.

ಬಾಳೇಶಣ್ಣ ಬಂದು ಸ್ಕ್ರೀನ್ ನೋಡುತ್ತ ನಿಂತರು. ಖಾನಾಪುರದವರು, ನಮ್ಮ ಲೈನ್‌ಮನ್. ಕಂಬ ಹತ್ತುವುದು, ಕೇಬಲ್ ಜೋಡಿಸುವುದು ಎಲ್ಲ ಅವರದೇ. ಸ್ವಿಚ್ ಎಲ್ಲಿದೆ ಎಂದು ಕೇಳಿದರು. ಮಷಿನ್ನಿನೊಳಗೆ ಎಂದೆ. ಸ್ವಲ್ಪ ಯೋಚಿಸಿ, ಕಾಲುವೆ ನೀರಿಗೆ ಪಾಳಿ ಹಚ್ಚಿದಂಗ ಅಲ್ರಿ ಅಂದರು. ಹೌದು, ಹಾಗೇ.

ಇಡೀ ಲೈನ್ ಒಟ್ಟು 256 ಕಿಲೋಬಿಟ್. ಫೌಂಡ್ರಿ 112, ಕೆಫೆ 80, ಖಾನಾಪುರ 48. ಉಳಿದ 16 ನಮ್ಮ ಆಫೀಸಿಗೆ — ನಮಗೇನು ಬೇಕು, ನಾಲ್ಕು ಸಾಲಿನ ಮೇಲ್. ನಾಲ್ಕೂವರೆಗೆ ಈ ಪಾಲುಗಳ ಫೈಲ್ ಮುಗಿಸಿದೆ. ಪಾಸ್‌ವರ್ಡ್ ನನ್ನೊಬ್ಬಳ ಬಳಿ.

29 ಮಾರ್ಚ್

ಬೆಳಿಗ್ಗೆ ಖಾನಾಪುರ ಓಡುತ್ತಿದೆ. ಅಲ್ಲಿನ ಸೆಂಟರ್ ನಡೆಸುವ ಭರಮಪ್ಪನವರು ಫೋನ್ ಮಾಡಿ ಹೊಗಳಿದರು. ಮಧ್ಯಾಹ್ನ ಮತ್ತೆ ಫೋನ್, ಹೊಗಳಲು ಅಲ್ಲ. ಮೂರರಿಂದ ಒಂದು ಪುಟವೂ ತೆರೆಯುತ್ತಿಲ್ಲವಂತೆ.

ಕೇಬಲ್ ಇರಬೇಕು. ಬಾಳೇಶಣ್ಣ ನಾಳೆ ಹೋಗುತ್ತಾರೆ.

9 ಏಪ್ರಿಲ್, ಸೋಮವಾರ

ಕೇಬಲ್ ಅಲ್ಲ. ಬಾಳೇಶಣ್ಣ ಎರಡು ಸಲ ಹೋಗಿ ಬಂದರು. ಹತ್ತು ದಿನದ ಮೇಲಾಯಿತು, ಇದೇ ಕಥೆ: ಬೆಳಿಗ್ಗೆ ಸರಿ, ಮೂರರ ನಂತರ ಎಲ್ಲ ನಿಂತ ಹಾಗೆ. ಶನಿವಾರ, ಭಾನುವಾರ ಮಾತ್ರ ತೊಂದರೆಯಿಲ್ಲ. ಇಂದು ಫೌಂಡ್ರಿಯ ಮ್ಯಾನೇಜರ್ ಈರಯ್ಯನವರೂ ಫೋನಿನಲ್ಲಿ ರೇಗಿದರು. ನಿಮ್ಮ ಕನೆಕ್ಷನ್ ತೆಗೆದು ಬೇರೆಯವರದು ಹಾಕಿಸುತ್ತೇವೆ ಅಂದರು. ಸರ್ ನನ್ನ ಮುಖ ನೋಡಿ ಒಳಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಮನೆಯಲ್ಲಿ ಅವ್ವ ಎರಡು ಸಲ ಊಟಕ್ಕೆ ಕರೆದಳು.

10 ಏಪ್ರಿಲ್, ಸಂಜೆ 5

ಸಿಕ್ಕಿತು.

ಪ್ರತಿ ಸರತಿಯಲ್ಲಿ ಎಷ್ಟು ಹರಿಯಿತು ಎಂಬ ಲೆಕ್ಕ ಮಷಿನ್ನಿನಲ್ಲೇ ಬರುತ್ತದೆ. ಐದೈದು ನಿಮಿಷಕ್ಕೆ ಬರೆದಿಟ್ಟೆ. ಮೂರರಿಂದ ಐದರವರೆಗೆ ಅರ್ಧ ಲೈನ್ ತಿನ್ನುತ್ತಿರುವುದು ಫೌಂಡ್ರಿ ಅಲ್ಲ, ಕೆಫೆ ಅಲ್ಲ — ನಮ್ಮ ಆಫೀಸು. ನಾವೇ!

ಆಫೀಸಿನಲ್ಲಿ ಯಾರು? ನನ್ನ ಮಷಿನ್ — ನಾನು ಏನೂ ಇಳಿಸುವುದಿಲ್ಲ. ಸರ್ ಕಂಪ್ಯೂಟರ್ ಮುಟ್ಟುವುದಿಲ್ಲ. ಮೇಲ್ ಮಷಿನ್, ಅದರಲ್ಲಿ ಏನಿದೆ. ಉಳಿದದ್ದು ಮೂಲೆಯ ಮಷಿನ್. ಅಲ್ಲಿ ದಿನಾ ಮೂರಕ್ಕೆ ಬಂದು ಕೂರುವವರು ಒಬ್ಬರೇ.

11 ಏಪ್ರಿಲ್

ನೋಡಿದೆ. 3.05ಕ್ಕೆ ಬಾಳೇಶ ಬಂದ, ಕಂಬ ಹತ್ತುವ ಬೆಲ್ಟ್ ಬಿಚ್ಚಿಟ್ಟ, ಮೂಲೆಯಲ್ಲಿ ಕೂತ. 3.10ಕ್ಕೆ ಲೆಕ್ಕ ಏರಿತು. ನಾನು ಎದ್ದು ಆ ಕಡೆ ಹೋದೆ. ಅವಸರದಿಂದ ಸ್ಕ್ರೀನಿನ ಮೇಲಿದ್ದದ್ದೇನೋ ಮುಚ್ಚಿದ. ಏನು ಮಾಡುತ್ತಿದ್ದೀರಿ ಎಂದರೆ, ಏನಿಲ್ರಿ ಅಂದು ನಾಚಿದ ಹಾಗೆ ನಕ್ಕ.

ಇಷ್ಟು ದಿನ ಬೈಗುಳ ತಿಂದದ್ದು ನಾನು. ಅವನು ನಗುತ್ತಾನೆ.

12 ಏಪ್ರಿಲ್, ಗುರುವಾರ

ಈರಯ್ಯನವರು ತಾವೇ ಆಫೀಸಿಗೆ ಬಂದರು. ಎಲ್ಲರೂ ಇದ್ದರು. ಸರ್ ಕೇಳಿದ್ದಕ್ಕೆ ಲೆಕ್ಕದ ಕಾಗದ ಮೇಜಿನ ಮೇಲಿಟ್ಟು ಹೇಳಿದೆ.

"ಮೂರರ ಮ್ಯಾಲ ಆ ಮೂಲಿ ಮಷಿನ್ ಮುಂದ ಯಾರು ಕುಂದರತಾರ ನೋಡ್ರಿ ಸರ್."

ಎಲ್ಲರೂ ತಿರುಗಿ ನೋಡಿದರು. ಬಾಳೇಶ ಎದ್ದು ನಿಂತ. ಟೈಪಿಂಗ್ ಕಲಿಯುತ್ತೇನೆ, ಇಂಟರ್ನೆಟ್ ಮುಟ್ಟಿಲ್ಲ ಅಂದ. ನಲವತ್ತು ದಾಟಿದ ಮನುಷ್ಯ, ಕಂಬ ಹತ್ತುವವನು — ಟೈಪಿಂಗ್! ಯಾರೋ ನಕ್ಕರು. ಹಾಗಾದರೆ ನಿನ್ನೆ ಯಾಕೆ ಮುಚ್ಚಿದಿರಿ ಎಂದು ಕೇಳಿದೆ. ಅವನು ಕೀಬೋರ್ಡಿನ ಕಡೆ ನೋಡಿದ.

ಸರ್ ಅಲ್ಲೇ ತೆಗೆದುಹಾಕಿದರು. ಗಿರಾಕಿಗಳ ಪಾಲು ಕದ್ದವನಿಗೆ ನಮ್ಮಲ್ಲಿ ಜಾಗವಿಲ್ಲ ಎಂದು ಈರಯ್ಯನವರಿಗೆ ಕೇಳುವಂತೆ ಅಂದರು. ಖಾನಾಪುರದ ಸೆಂಟರಿಗೂ ಫೋನ್ ಹೋಯಿತು — ಅವನನ್ನು ಒಳಗೆ ಬಿಡಬೇಡಿ.

ಬಾಳೇಶ ಬೆಲ್ಟನ್ನು ಮಡಿಸಿ ಖುರ್ಚಿಯ ಮೇಲಿಟ್ಟ. ಹೋಗುವಾಗ ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ. ಅರ್ಥವಾಗದೆ ನೋಡಿದ ಹಾಗಿತ್ತು.

16 ಏಪ್ರಿಲ್, ಸೋಮವಾರ

ನಾಲ್ಕು ದಿನದಿಂದ ಲೈನ್ ಹೂವಿನ ಹಾಗೆ. ಸರ್ ಎಲ್ಲರಿಗೂ ಕುಂದಾ ಹಂಚಿದರು. ಈರಯ್ಯನವರು ಫೋನಿನಲ್ಲಿ ಹುಷಾರ್ ಹುಡುಗಿ ಅಂದರಂತೆ. ಅವ್ವನಿಗೆ ಹೇಳಿದೆ. ಅವಳು ಓಣಿಗೆಲ್ಲ ಹೇಳಿಯಾಯಿತು.

17 ಏಪ್ರಿಲ್, ಮಂಗಳವಾರ. 3.20

ಲೆಕ್ಕ ಏರುತ್ತಿದೆ.

ಮೂಲೆಯ ಖುರ್ಚಿ ಖಾಲಿ.

3.35

ಮೂಲೆಯ ಮಷಿನ್ನಿನ ತಂತಿ ಕಿತ್ತೆ. ಇನ್ನೂ ಏರುತ್ತಿದೆ.

5.30

ಬರೆಯುತ್ತೇನೆ. ಬರೆಯದಿದ್ದರೆ ನಾಳೆ ನಾನೇ ನಂಬಲಿಕ್ಕಿಲ್ಲ.

ಮೇಲ್ ಮಷಿನ್. ಫೌಂಡ್ರಿಗೆ ಜರ್ಮನಿಯಿಂದ ಡ್ರಾಯಿಂಗ್ ಬರುತ್ತವೆ, ಒಂದೊಂದೂ ಗುಡ್ಡದಷ್ಟು. ಅವರು ಮಧ್ಯಾಹ್ನದ ಊಟಕ್ಕೆ ಏಳುವ ಮುಂಚೆ ಕಳಿಸುತ್ತಾರೆ. ನಮಗೆ ಆಗ ಮೂರು ಗಂಟೆ. ಅವು ಮೊದಲು ನಮ್ಮ ಮೇಲ್ ಮಷಿನ್ನಿಗೆ ಬಂದು ಆಮೇಲೆ ಫೌಂಡ್ರಿಗೆ ಹೋಗುತ್ತವೆ. ಅಂದರೆ ಆಫೀಸಿನ ಸರತಿಯಲ್ಲಿ ಬರುತ್ತವೆ. ಈರಯ್ಯನವರ ಪಾಲು ತಿಂದದ್ದು ಈರಯ್ಯನವರ ಡ್ರಾಯಿಂಗೇ. ಶನಿವಾರ, ಭಾನುವಾರ ಅಲ್ಲಿ ರಜೆ; ಈ ಸಲ ಶುಕ್ರವಾರದಿಂದ ಸೋಮವಾರದವರೆಗೆ ಈಸ್ಟರ್ ರಜೆ. ಅದಕ್ಕೇ ನಾಲ್ಕು ದಿನ ಹೂವು.

ಆದರೆ ಆಫೀಸಿಗೆ ಕೊಟ್ಟಿದ್ದು ಹದಿನಾರೇ. ಹದಿನಾರರಲ್ಲಿ ಅವು ತೊಟ್ಟಿಕ್ಕಬೇಕಿತ್ತು. ಅರ್ಧ ಲೈನ್ ಹೇಗೆ?

ಫೈಲ್ ತೆರೆದೆ. ಮೊದಲ ಮೂರು ಸಾಲಿನಲ್ಲಿ ಅಂಕಿಯ ಮುಂದೆ 'ಕೆಬಿಟ್' ಎಂದಿದೆ. ನಾಲ್ಕನೆಯದರಲ್ಲಿ 'ಕೆಬಿಪಿಎಸ್'. ಎರಡೂ ಒಂದೇ ಎಂದುಕೊಂಡಿದ್ದೆ. ಒಂದಲ್ಲ. ಈ ಪ್ರೋಗ್ರಾಮಿಗೆ ಎರಡನೆಯದೆಂದರೆ ಬೈಟ್. ಒಂದು ಬೈಟಿಗೆ ಎಂಟು ಬಿಟ್. ಹದಿನಾರು ಎಂಟಲೆ ನೂರಿಪ್ಪತ್ತೆಂಟು. ಇಡೀ ಲೈನಿನ ಸರಿ ಅರ್ಧ.

ಸ್ಕ್ರೀನಿನ ಮೇಲೆ ಇತ್ತು. ದಿನಾ ಇತ್ತು. ಆಫೀಸು, ರೇಟ್ 128. ನಾನು ಅದರ ಪಕ್ಕದ ಅಂಕಿಯನ್ನು ಬರೆದುಕೊಳ್ಳುತ್ತಿದ್ದೆ, ಬೇರೆಯವನನ್ನು ಹಿಡಿಯಲು.

ಮೂಲೆಯ ಮಷಿನ್ನಿನಲ್ಲಿ ಬಾಳೇಶಣ್ಣನ ಹೆಸರಿನ ಒಂದು ಫೈಲ್ ಇದೆ. ತೆರೆದೆ. ಇಪ್ಪತ್ತು ಪುಟ. ಎ ಎಸ್ ಡಿ ಎಫ್, ಎ ಎಸ್ ಡಿ ಎಫ್. ಕೊನೆಯ ಪುಟದಲ್ಲಿ ಅವರ ಹೆಸರು, ಊರು, ಮತ್ತೆ ಮತ್ತೆ, ತಪ್ಪು ಕಾಗುಣಿತದಲ್ಲಿ. ಮುಚ್ಚಿದ್ದು ಇದನ್ನು.

18 ಏಪ್ರಿಲ್

ಸರ್‌ಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಈಗ ಸರಿ ಮಾಡೀದಿ ಅಲ್ಲ ಅಂದರು. ಮಾಡಿದ್ದೇನೆ ಎಂದೆ.

"ಹಂಗಾದ್ರ ಮುಗೀತು. ಅಂವ ಹೋದ, ಲೈನ್ ಸುದ್ದ ಆತು. ಇದನ್ನ ಮತ್ತ ಕೆದರಬ್ಯಾಡ. ನಿನ್ನ ಹೆಸರೂ ಕೆಡತೈತಿ, ನಂದೂ ಕೆಡತೈತಿ."

ಗಾಬರಿಯಾದದ್ದು ಅವರ ಮಾತಿಗಲ್ಲ. ಅದನ್ನು ಕೇಳಿದಾಗ ನನಗೆ ಹಾಯೆನಿಸಿತು. ಒಂದು ಕ್ಷಣ, ಖರೇನೇ ಹಾಯೆನಿಸಿತು.

19 ಏಪ್ರಿಲ್, ಗುರುವಾರ

ರಜೆ ಹಾಕಿ ಖಾನಾಪುರದ ಬಸ್ ಹಿಡಿದೆ. ಮನೆ ಸಿಕ್ಕಿತು. ಬಾಗಿಲಲ್ಲಿ ಹೆಂಡತಿ, ಮಾಯಕ್ಕ. ಆಫೀಸಿನಿಂದ ಬಂದವಳು ಎಂದ ಕೂಡಲೇ ಸೆರಗು ಸರಿಮಾಡಿಕೊಂಡು ಚಾಪೆ ಹಾಸಿದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಮುಗಿದಳು.

"ತಪ್ಪಾಗೇತ್ರಿ ಅವರಿಂದ. ಇದೊಂದ ಸಲ ಹೊಟ್ಟ್ಯಾಗ ಹಾಕ್ಕೋರ್ರಿ, ಅಕ್ಕಾರ. ತಗೊಂಡಿದ್ದನ್ನ ತಿರುಗಿ ಕೊಡಾಕ ಹಚ್ಚತೇನಿ."

ಏನನ್ನು ತಿರುಗಿ ಕೊಡುತ್ತಾಳೆ? ಏನು ಹೋಗಿದೆ ಎಂಬುದೂ ಅವಳಿಗೆ ಗೊತ್ತಿಲ್ಲ. ಅವರು ಎಲ್ಲಿದ್ದಾರೆ ಎಂದಷ್ಟೇ ಕೇಳಿ ಎದ್ದುಬಿಟ್ಟೆ. ಚಹಾ ಕುಡಿಯಲಿಲ್ಲ.

ಬಾಳೇಶಣ್ಣ ಕೆಲಸ ಕೇಳಿ ಹೋದರೆ ಭರಮಪ್ಪನವರು ಸೆಂಟರಿಗೆ ಸೇರಿಸಿಕೊಳ್ಳಲಿಲ್ಲವಂತೆ. ಈಗ ಹಂಚಿನ ಕಾರ್ಖಾನೆಯಲ್ಲಿ ಕೂಲಿ. ಹಸಿ ಹಂಚುಗಳನ್ನು ಒಣಗಲು ಜೋಡಿಸುತ್ತಿದ್ದರು, ಮೊಣಕೈವರೆಗೆ ಕೆಸರು. ನಿಂತಲ್ಲೇ ಎಲ್ಲ ಹೇಳಿದೆ. ಬಿಟ್, ಬೈಟ್, ಜರ್ಮನಿ. ಕೇಳುತ್ತ ಕೇಳುತ್ತ ಕೈಲಿದ್ದ ಹಂಚನ್ನು ಕೆಳಗಿಟ್ಟರು.

ಎಷ್ಟು ಫರಕು ಬೀಳುತ್ತದೆ ಎಂದು ಕೇಳಿದರು. ಎಂಟು ಪಟ್ಟು ಎಂದೆ. ತಲೆಯಾಡಿಸಿದರು. ಕ್ಷಮಿಸಿ ಎಂದೆ.

"ಇದನ್ನ ನನಗ್ಯಾಕ ಹೇಳ್ತೀರಿ, ಮೇಡಮ್ಮರ? ನಾ ಮಾಡಿಲ್ಲಂತ ನನಗ ಮೊದಲ ಗೊತ್ತಿತ್ತು."

ಮತ್ತೆ ಹಂಚು ಎತ್ತಿಕೊಂಡರು.

"ಗೊತ್ತಿಲ್ಲದವರಿಗೆ ಹೇಳ್ರಿ."

ಹಿಂದಿರುಗುವ ಬಸ್ಸಿನಲ್ಲಿ ದೇಸೂರು ಬಂದದ್ದೂ ಹೋದದ್ದೂ ತಿಳಿಯಲಿಲ್ಲ.

21 ಏಪ್ರಿಲ್, ಶನಿವಾರ

ನಿನ್ನೆ ಇಡೀ ದಿನ ಹೇಳಲಿಲ್ಲ. ಹೆದರಿದ್ದೆ. ಇಂದು ಈರಯ್ಯನವರು ಹೊಸ ಕನೆಕ್ಷನ್ನಿನ ಮಾತಿಗೆ ಬಂದರು. ಅಂದು ಇದ್ದವರೆಲ್ಲ ಇದ್ದರು. ಎದ್ದು ನಿಂತೆ. ಅಂದು ನಾನು ಹೇಳಿದ್ದು ಸುಳ್ಳು, ತಪ್ಪು ನನ್ನದು, ಬಾಳೇಶಣ್ಣ ಏನೂ ತೆಗೆದುಕೊಂಡಿರಲಿಲ್ಲ ಎಂದೆ. ಫೈಲಿನ ಆ ಸಾಲನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ತಂದಿದ್ದೆ, ಮೇಜಿನ ಮೇಲಿಟ್ಟೆ.

ಈರಯ್ಯನವರು ಕಾಗದ ನೋಡಿದರು, ನನ್ನನ್ನು ನೋಡಿದರು.

"ಯಾರು ಬಾಳೇಶ?"

ಅಣಕವಲ್ಲ. ಅವರಿಗೆ ನಿಜವಾಗಿ ನೆನಪಿರಲಿಲ್ಲ. ಒಂಬತ್ತು ದಿನ.

ಸರ್ ಆಮೇಲೆ ಒಳಗೆ ಕರೆದು ಕೀಲಿ ಕೇಳಿದರು. ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆಸಿಕೊಂಡರು. ಕೂಗಾಡಲಿಲ್ಲ. ಹದಿನಾಲ್ಕು ತಿಂಗಳ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಅವ್ವ ಯಾಕೆ ಎಂದು ಕೇಳಿದಳು. ಹೇಳಿದೆ. ಓಣಿಯವರಿಗೂ ನೀನೇ ಹೇಳು ಎಂದೆ.

22 ಏಪ್ರಿಲ್, ಭಾನುವಾರ

ಖಾನಾಪುರ. ಸೆಂಟರಿನಲ್ಲಿ ಭರಮಪ್ಪನವರಿಗೆ, ಕಲಿಯಲು ಬಂದ ಹತ್ತು ಹನ್ನೆರಡು ಮಂದಿಯ ಎದುರೇ ಹೇಳಿದೆ. ಫೋನಿನಲ್ಲಿ ಬಂದ ಮಾತು ನಂಬಿ ಬಾಗಿಲು ಹಾಕಿದೆ, ಅವನನ್ನು ಒಂದು ಮಾತು ಕೇಳಲೂ ಇಲ್ಲ ಅಂದರು ಭರಮಪ್ಪನವರು. ಬಾಳೇಶಣ್ಣನನ್ನು ಕರೆಸಿ, ನಾಳೆಯಿಂದಲೇ ಬಾ, ಇಲ್ಲಿಯ ಲೈನೆಲ್ಲ ನೀ ನೋಡಿಕೊ ಎಂದರು. ಬಾಳೇಶಣ್ಣ ಆಗಲಿ ಎಂದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

ಇನ್ನು ಮುಗಿಯಿತು ಎಂದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟೆ. ಬಾಳೇಶಣ್ಣ ಹಿಂದಿನಿಂದ ಕರೆದರು.

"ಇನ್ನೊಂದ ಕಡೆ ಹೇಳಬೇಕ್ರಿ. ನಮ್ಮ ಮನ್ಯಾಗ."

ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಮಾಯಕ್ಕನೂ ನನ್ನ ಮಾತನ್ನೇ ನಂಬಿದ್ದಳು. ಹತ್ತು ದಿನ. ಒಂದೇ ಒಲೆ, ಒಂದೇ ಚಾಪೆ.

ಇಬ್ಬರೂ ಅವರ ಮನೆಗೆ ನಡೆದೆವು. ಮಾಯಕ್ಕ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮೊನ್ನೆ ಆಡದ ಮಾತನ್ನು ಆಡಿದೆ. ಬಿಟ್, ಬೈಟ್ ಹೇಳಲಿಲ್ಲ. ನಾನು ಬರೆದದ್ದು ತಪ್ಪು, ನಿಮ್ಮವರು ಏನನ್ನೂ ಮುಟ್ಟಿಲ್ಲ, ಅಷ್ಟೇ. ಅವಳು ಕೈ ಒರೆಸಿಕೊಳ್ಳದೆ ಎದ್ದಳು. ನನ್ನ ಕಡೆ ನೋಡಲೇ ಇಲ್ಲ. ಗಂಡನ ಕಡೆ ತಿರುಗಿದಳು. ಮತ್ತೆ ನೀವು ಯಾಕೆ ಹೇಳಲಿಲ್ಲ ಎಂದು ಕೇಳಿದಳು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

"ಹೇಳಿದ್ನಲ್ಲ," ಅಂದರು ಬಾಳೇಶಣ್ಣ. "ದಿನಾ ಹೇಳಿದ್ನಲ್ಲ."

ಮಾಯಕ್ಕ ಅಲ್ಲೇ, ಪಾತ್ರೆಗಳ ನಡುವೆ, ಕುಸಿದು ಕೂತಳು. ಅವರು ಹತ್ತಿರ ಹೋಗಲಿಲ್ಲ, ದೂರವೂ ಹೋಗಲಿಲ್ಲ. ನಾನು ಅವರಿಬ್ಬರ ನಡುವೆ ನಿಂತಿದ್ದೆ. ಪಕ್ಕಕ್ಕೆ ಸರಿದು ಹೊರಗೆ ನಡೆದೆ.