ಆನೆಕಾಸಿನ ಯಜಮಾನರು

ಚಿಂತಾಮಣಿ
ಮಂಗಳವಾರ, 16-6-1987

ಪ್ರೀತಿಯ ಅಪ್ಪಾ,

ನಿಮ್ಮ ಆನೆಕಾಸುಗಳಿಗೆ ಇನ್ಶೂರೆನ್ಸ್ ಆಗಿಹೋಯಿತು, ನಲವತ್ತು ಸಾವಿರಕ್ಕೆ, ಪಾಲಿಸಿ ಶನಿವಾರದ ಟಪಾಲಿನಲ್ಲಿ ಬಂತು! ನೋಡಿ, ಈ ಸಡಗರದಲ್ಲಿ ನಿಮ್ಮ ಕ್ಷೇಮ ಕೇಳುವುದನ್ನೇ ಮರೆತೆ. ಕೆಮ್ಮು ಹೇಗಿದೆ? ಅಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಳೋ, ಇಲ್ಲ ಸೀಸೆಯನ್ನು ಕಿಟಕಿಯಲ್ಲಿಟ್ಟು ನೋಡುತ್ತಿದ್ದಾಳೋ? ನಾನು ಚೆನ್ನಾಗಿದ್ದೇನೆ. ಕನ್ನಡದಲ್ಲೇ ಬರೆಯಬೇಕೆಂದು ಕಟ್ಟು ಮಾಡಿದವರು ನೀವು. ಇದು ಕಾನ್ವೆಂಟಿನ ಕೈ, ಒತ್ತಕ್ಷರ ತಪ್ಪಿದ್ದರೆ ಹಿಂದಿನ ಸಲದ ಹಾಗೆ ಕೆಂಪು ಇಂಕಿನಲ್ಲಿ ತಿದ್ದಿ ವಾಪಸು ಕಳಿಸಬೇಡಿ.

ಮೂರು ತಿಂಗಳ ಹಿಂದೆ ಮದುವೆಯ ಸಾಮಾನಿನ ಜೊತೆ ನಿಮ್ಮ ತಗಡಿನ ಪೆಟ್ಟಿಗೆ ಈ ಮನೆಗೆ ಬಂದಾಗ ಅತ್ತೆ ಅಕ್ಕಯ್ಯಮ್ಮನವರು ಮುಚ್ಚಳ ತೆಗೆದು ನೋಡಿ, 'ಬಂಗಾರ ಕೊಡೋ ಕಡೆ ಕಿಲುಬು ಕೊಟ್ಟವ್ರೆ ಮೇಷ್ಟ್ರು' ಎಂದಿದ್ದರು. ನಾನೂ ಅವರ ಜೊತೆ ನಕ್ಕುಬಿಟ್ಟೆ. ಮೂವತ್ತು ವರ್ಷ ನೀವು ಸೈಕಲ್ಲಿನಲ್ಲಿ ಮುದ್ದೇನಹಳ್ಳಿ ಕಡೆಯ ಹೊಲಗಳನ್ನು ಸುತ್ತಿ, ನೇಗಿಲಿಗೆ ಸಿಕ್ಕ, ಆನೆ ಮುದ್ರೆಯ ಒಂದೊಂದು ಹಳೇ ತಾಮ್ರದ ಕಾಸನ್ನೂ ಕಾಡಿಬೇಡಿ ತಂದದ್ದು ಅವರಿಗೇನು ಗೊತ್ತು? ಆರು ವರ್ಷದವಳಿದ್ದಾಗ ನನಗೂ ಗೊತ್ತಿರಲಿಲ್ಲ. ಒಂದು ಕಾಸನ್ನು ಹುಣಸೆಹಣ್ಣಿನಲ್ಲಿ ಫಳಫಳ ಉಜ್ಜಿ ತಂದು ನಿಮ್ಮ ಕೈಗಿಟ್ಟೆ. ಜೀವನದಲ್ಲಿ ಅದೊಂದೇ ಸಲ ನೀವು ನನಗೆ ಹೊಡೆದದ್ದು. 'ಕಪ್ಪೇ ಅದರ ವಯಸ್ಸು ಕಣಮ್ಮ. ತೊಳೆದ ಕಾಸು ಸತ್ತ ಕಾಸು, ಯಾರೂ ಕೊಳ್ಳಲ್ಲ' ಎಂದು ಹೇಳಿ ಆಮೇಲೆ ನೀವೇ ಅತ್ತಿರಿ.

ಪಕ್ಕದ ಬೀದಿಯಲ್ಲಿ ಕಳ್ಳತನವಾದ ಮೇಲೆ ಇನ್ಶೂರ್ ಮಾಡಿಸೋಣವೆಂದು ಕುಣಿದವಳು ನಾನೇ. ಬೆಲೆ ಕಟ್ಟಲು ಬೆಂಗಳೂರಿನಿಂದ ಒಬ್ಬರು ಬಂದು, ಭೂತಗನ್ನಡಿ ಹಿಡಿದು ಇಡೀ ದಿನ ನೋಡಿ ಬರೆದುಕೊಟ್ಟರು. ಅವತ್ತೇ ಪೆಟ್ಟಿಗೆ ನನ್ನ ಮಂಚದಡಿಯಿಂದ ಅತ್ತೆಯ ಬೀರುವಿಗೆ ಹೋಯಿತು. ಫಾರಂ ಇಂಗ್ಲಿಷಿನಲ್ಲಿತ್ತು. ಕಾನ್ವೆಂಟ್ ಸೊಸೆ ಬರೆಯುವುದನ್ನು ನೋಡಲು ಮಾವನವರೂ ಇವರೂ ಕಡಲೆಕಾಯಿ ಮಂಡಿ ಬಿಟ್ಟು ಬಂದು ಎದುರಿಗೆ ಕೂತರು. ನನಗೆ ಎಷ್ಟು ಹೆಮ್ಮೆ ಅಂತೀರಿ, ನೀವು ಕೊಟ್ಟ ಫೌಂಟನ್ ಪೆನ್ನನ್ನೇ ತೆಗೆದೆ. ಓನರ್ ಎಂಬ ಕಾಲಂ ಬಂತು. ಹಾಗಂದರೇನೆಂದು ಅತ್ತೆ ಕೇಳಿದರು. ಯಜಮಾನರು ಎಂದೆ. ನನಗೆ ತೋಚಿದ ಕನ್ನಡ ಅದೊಂದೇ ಅಪ್ಪಾ.

'ಯಜಮಾನ್ರು ಅಂದ್ರೆ ನಿಮ್ಮ ಮಾವ ತಾನೆ, ಬರಿಯಮ್ಮ.'

ಇವರತ್ತ ನೋಡಿದೆ. ಇವರು ಕಡಲೆಕಾಯಿ ಸುಲಿಯುತ್ತಿದ್ದರು. ಬರೆದೆ. ಬಯ್ಯಪ್ಪ ಎಂದು, ಚಂದದ ಕರ್ಸಿವ್‌ನಲ್ಲಿ, ಕೊನೆಯ ಅಕ್ಷರಕ್ಕೆ ಬಾಲ ಎಳೆದು.

ಬೆಲೆ ಕಟ್ಟಿದವರೇ ಈಗ ಕೊಳ್ಳುವವರನ್ನೂ ಹುಡುಕಿದ್ದಾರೆ, ಶುಕ್ರವಾರ ಮಧ್ಯಾಹ್ನ ಕರೆತರುತ್ತಾರಂತೆ. ಅವು ನಮ್ಮಪ್ಪ ನನಗೆ ಕೊಟ್ಟವು ಎಂದೆ. ಅತ್ತೆ ಫಾರಮ್ಮಿನ ನಕಲನ್ನು ನನ್ನ ಮುಂದೆ ಹಿಡಿದು, 'ಇದು ನಿನ್ನ ಕೈಬರಹ ತಾನೇನಮ್ಮ?' ಎಂದು ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇವರು ಮಾತ್ರ ನನ್ನನ್ನು ಸಮಾಧಾನ ಮಾಡಿದರು: 'ಹೋಗ್ಲಿ ಬಿಡೇ, ಸ್ಕೂಟರ್ ತಗಳಣ, ಮೊದಲು ನಿನ್ನನ್ನೇ ಕೂರಿಸ್ಕೊಂಡು ಕೈವಾರಕ್ಕೆ ಹೋಗಣ.' ಎಷ್ಟು ಒಳ್ಳೆಯ ಗಂಡನನ್ನು ಹುಡುಕಿದ್ದೀರಿ ನೋಡಿ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಈ ಪತ್ರದ ಮೊದಲ ಸಾಲನ್ನಷ್ಟೇ ಅವಳಿಗೆ ಓದಿ ಹೇಳಿ, ಸಂತೋಷಪಡಲಿ.

ಇಂಗ್ಲಿಷ್ ಕಲಿತ ನಿಮ್ಮ ಮಗಳು,
ವನಜಾ

ಮರೆತಿದ್ದೆ: ಬರುವವರಿಗೆ ಚೆನ್ನಾಗಿ ಕಾಣಲಿ, ಬೆಳಗಿಡುತ್ತೇನೆ ಎಂದು ಅತ್ತೆಯಿಂದ ಬೀರುವಿನ ಬೀಗದ ಕೈ ಇಸಿದುಕೊಂಡೆ. ಹುಣಸೆಹಣ್ಣು ಅವರೇ ನೆನೆಸಿಕೊಟ್ಟರು, ಬೂದಿಯನ್ನೂ ಜರಡಿ ಹಿಡಿದುಕೊಟ್ಟರು. ಇನ್ನೂರ ಹನ್ನೆರಡು ಆನೆಗಳೂ ಈಗ ಹಿತ್ತಲಿನ ಬಿಸಿಲಲ್ಲಿ ಹೊಸ ತಂಬಿಗೆಯ ಹಾಗೆ ಹೊಳೆಯುತ್ತಿವೆ. 'ಈಗ ನೋಡು, ಬಂಗಾರದಂಗವೆ' ಎಂದು ಅತ್ತೆ ನನ್ನ ತಲೆ ಸವರಿದರು. ನೀವು ಹೊಡೆಯುವುದಿದ್ದರೆ ಸ್ಟೇಷನ್ನಿಗೇ ಬನ್ನಿ. ಚಿಕ್ಕಬಳ್ಳಾಪುರಕ್ಕೆ ಬರುತ್ತಿದ್ದೇನೆ, ಶುಕ್ರವಾರ, ಬೆಳಗಿನ ಪುಟ್ಟ ರೈಲಿಗೆ.