ಹತ್ತೊಂಬತ್ತು ಬಿಳಿಗಲ್ಲು

ಡೂನಗ್, ಮೇಯೋ
೧೪ ಮೇ ೧೯೯೮

ಪ್ರೀತಿಯ ಬ್ರೀಡಾ,

ಸೊಂಟ ಹೇಗಿದೆ? ತಲುಪಿದ ದಿನವೇ ಬರೆಯುತ್ತೇನೆಂದವನು ಆರು ದಿನ ಸುಮ್ಮನಿದ್ದೆ, ಬೈದುಕೋ. ಅಂಚೆಯವನ ತಪ್ಪಿಲ್ಲ, ಬರೆಯಲು ಸುದ್ದಿಯೇ ಇರಲಿಲ್ಲ. ಆಸ್ಪತ್ರೆಯ ಮಂಚದಿಂದ ನೀನು ಕೇಳಿದ್ದು ಒಂದೇ: "ಅಪ್ಪ ನಮ್ಮ ಕೂಸನ್ನ ಎಲ್ಲಿ ಹೂತರು? ನೋಡ್ಕೊಂಡು ಬಾ, ಮಲಾಕಿ."

ಮೂವತ್ತಾರು ವರ್ಷದ ಕೆಳಗೆ, ಜ್ಞಾನಸ್ನಾನಕ್ಕೆ ಮೊದಲೇ ಕಣ್ಮುಚ್ಚಿದ ಕೂಸಿಗೆ ಚರ್ಚಿನ ನಿಯಮದಂತೆ ಅದರ ಸ್ಮಶಾನದಲ್ಲಿ ಜಾಗವಿರಲಿಲ್ಲ. ಅಂಥ ಕೂಸುಗಳಿಗೆ ಯಾವುದೋ ಪಾಳು ಕೋಟೆಯೇ ಗತಿ. ನೀನು ಜ್ವರದಲ್ಲಿ ಮಲಗಿದ್ದೆ. ನಿನ್ನಪ್ಪ ಜಾಗ ಹೇಳದೆಯೇ ತೀರಿಹೋದರು. ಈ ಊರ ಸುತ್ತ ಅಂಥ ಪಾಳು ಒಂಬತ್ತಿವೆ. ಒಂಬತ್ತನ್ನೂ ಹತ್ತಿಳಿದು ನನ್ನ ಮಂಡಿ ನೋಯಿಸಿಕೊಂಡೆ, ಕೂಸಿನ ಸುಳಿವು ಸಿಗಲಿಲ್ಲ.

ಇಷ್ಟು ಕಾಲದ ಮೇಲೆ ಬಂದ ನನ್ನ ಗುರುತು ಯಾರಿಗೂ ಹತ್ತಲಿಲ್ಲ. ನಿಜ ಹೇಳಲು ನಾಚಿ, ಪ್ರಾಚೀನ ಅವಶೇಷ ನೋಡಲು ಬಂದ ಪ್ರವಾಸಿ ಎಂದೆ. "ಒಂದು ಅವಶೇಷ ಇನ್ನೊಂದನ್ನ ನೋಡೋಕೆ ಬಂದಿದ್ಯಾ?" ಎಂದು ಪಬ್ಬಿನವ ನಕ್ಕ.

ನಿನ್ನೆ ಬಸ್ಸು ತಪ್ಪಿತು. ಅದೇ ಅದೃಷ್ಟ. ಕುರಿ ಸಾಗಿಸುವ ಡೊಮಿನಿಕ್ ಎಂಬಾತ ವ್ಯಾನಿಗೆ ಹತ್ತಿಸಿಕೊಂಡು, ಮಾತಿನ ಭರದಲ್ಲಿ ತಪ್ಪು ತಿರುವಿನಲ್ಲಿ ಇಳಿಸಿದ. ಅಲ್ಲಿತ್ತು ನಕ್ಷೆಯಲ್ಲಿಲ್ಲದ ಹತ್ತನೆಯ ಪಾಳು: ಹುಲ್ಲು ನುಂಗಿದ ದುಂಡು ಕೋಟೆ, ನಡುವೆ ಹೂ ಬಿಟ್ಟ ಮುಳ್ಳುಮರ.

"ಪಾಳು ನೋಡೋರು ಗೋಡೆ ನೋಡ್ತಾರೆ. ನೀವ್ಯಾಕ್ರೀ ನೆಲ ನೋಡ್ತಿದೀರಿ?" ಬೇಲಿಯಾಚೆ ಒಬ್ಬ ಮುದುಕಿ.

"ಏನೋ ಕಳ್ಕೊಂಡೆ."

"ಇಲ್ಲಿಗೆ ಬರೋರೆಲ್ಲ ಕಳ್ಕೊಂಡೋರೇ. ಬನ್ನಿ, ಟೀ ಕುಡೀರಿ."

ನಮ್ಮವರ ಪದ್ಧತಿಯಂತೆ ಎರಡು ಸಲ ಬೇಡವೆಂದೆ; ಮೂರನೆಯ ಸಲ ಕೇಳದೆ ಬಿಟ್ಟಾರೆಂದು ಬೆವರಿದೆ. ಕೇಳಿದರು. ಹೆಸರು ಸಬೀನಾ. ಎರಡನೆಯ ಕಪ್ಪಿಗೆ ನನ್ನ ಬಾಯಿಂದ ನಿನ್ನಪ್ಪನ ಹೆಸರು ಹೊರಬಿತ್ತು.

"ಆಂಟನಿ ಬ್ಯಾರೆಟ್ಟಾ? ಅಯ್ಯೋ ಪುಣ್ಯಾತ್ಮ, ಮೊದಲೇ ಹೇಳಬಾರದಾ! ಪ್ರತಿ ಮೇ ತಿಂಗಳು ಬರ್ತಿದ್ದ, ಜೇಬಲ್ಲಿ ಒಂದು ಬಿಳಿಗಲ್ಲು. 'ಇವತ್ತು ಮೊಮ್ಮಗಳ ದಿನ ಕಣೇ ಸಬೀನಾ' ಅಂತಿದ್ದ."

ಮರದ ಬುಡದಲ್ಲಿ ಹುಲ್ಲು ಸರಿಸಿ ಎಣಿಸಿದೆ, ಬ್ರೀಡಾ. ಹತ್ತೊಂಬತ್ತು. ನಿನ್ನಪ್ಪ ತಾವು ತೀರಿಕೊಳ್ಳುವ ವರ್ಷದವರೆಗೂ ತಪ್ಪಿಸಿಲ್ಲ. ಮನೆಯಲ್ಲಿ ತುಟಿ ಬಿಚ್ಚದ ಆ ಮನುಷ್ಯನನ್ನು ಕಲ್ಲೆದೆಯವನೆಂದು ಎಷ್ಟು ಬೈದೆವು! ಕಲ್ಲೇನೋ ಇತ್ತು, ಎದೆಯಲ್ಲಲ್ಲ, ಜೇಬಿನಲ್ಲಿ.

ಸೊಂಟ ಕೂಡಿದ ಮೇಲೆ ಇಬ್ಬರೂ ಬರೋಣ. ಸಬೀನಾ ಕಾಯುತ್ತಾರೆ, ಟೀ ಎಂದರೆ ಮೊದಲ ಸಲವೇ ಹ್ಞೂಂ ಅನ್ನು. ದೇವರೂ ಅವನ ತಾಯಿಯೂ ನಿನ್ನ ಮಗ್ಗುಲಲ್ಲಿರಲಿ.

ನಿನ್ನ
ಮಲಾಕಿ

ಸಹಿಯ ಕೆಳಗೆ ಒಂದು ಮಾತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಕೂಸು ತೀರಿದ ಆ ಸಂಜೆ ನಿನ್ನಪ್ಪ ಅದರ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು ನನ್ನನ್ನು ಕರೆದರು: "ಬಾರಪ್ಪ, ನಿನ್ನ ಮಗು." "ಹಾಲು ಕರೀಬೇಕು" ಎಂದು ನಾನು ಕೊಟ್ಟಿಗೆಗೆ ಹೋದೆ. ಹಸುಗಳ ಹಾಲು ಆಗಲೇ ಕರೆದಾಗಿತ್ತು, ಬ್ರೀಡಾ. ಇಪ್ಪತ್ತನೆಯ ಕಲ್ಲು ನನ್ನ ಜೇಬಿನಲ್ಲಿದೆ. ಇಡಲೋ ಬೇಡವೋ, ನೀನು ಹೇಳು.