ಅರಿಷಿಣ-ಕುಂಕುಮಕ್ಕೆ ಬಂದು ಹೋದ ಕಸ್ತೂರಿಬಾಯಿಯವರಿಗೆ

ಎದುರು ಮನೆಯ ಕಸ್ತೂರಿಬಾಯಿಯವರೇ,

ನಾನು ವಂದನಾ, ಮಲ್ಲವ್ವನವರ ಹೊಸ ಸೊಸೆ. ಮೊನ್ನೆ ಸಂಕ್ರಾಂತಿಗೆ ನೀವು ನಮ್ಮ ಮನೆಗೆ ಬಂದಾಗ ಇಲ್ಲಿನ ರೂಢಿಯಂತೆ ಕರಿ ಸೀರೆ ಉಟ್ಟು, ಮೈತುಂಬ ಕುಸುರೆಳ್ಳಿನ ಒಡವೆ ತೊಟ್ಟು ಸಕ್ಕರೆ ಬೊಂಬೆಯ ಹಾಗೆ ಕೂತಿದ್ದೆನಲ್ಲ, ಅವಳೇ. 'ಎಷ್ಟ್ ಚಂದ ಕಾಣ್ತೀಯವ್ವಾ, ಇರುವಿ ಕಚ್ಚೀತು ಹುಷಾರು' ಎಂದಿರಿ. ಅಯ್ಯೋ, ಎಷ್ಟು ನಕ್ಕೆ! ಅಂದು ನಾನು ನಕ್ಕದ್ದು ಅದೇ ಕೊನೆ.

ಮದುವೆಯಾಗಿ ದಹಿಸರಿಗೆ ಬಂದಾಗಿನಿಂದ ನನಗೆ ಎಲ್ಲದರ ಮೇಲೂ ಪ್ರೀತಿ ಉಕ್ಕುತ್ತಿತ್ತು. ಲೋಕಲ್ ರೈಲಿನ ನೂಕುನುಗ್ಗಲು, ಗ್ರಿಲ್ಲಿನ ಪಾರಿವಾಳ, ಗಂಡ ಅಮೋಲ್‌ನ ಗೊರಕೆ ಕೂಡ! ಅರ್ಥವಾಗದಿದ್ದುದು ನಿಮ್ಮ ಬಾಗಿಲೊಂದೇ. ಬಿಲ್ಡಿಂಗಿನ ಮಕ್ಕಳು ನಿಮ್ಮ ಬೆಲ್ ಒತ್ತಿ, 'ಚುಡೈಲ್ ಆಯೀ!', ದೆವ್ವ ಬಂತು, ಎಂದು ಕಿರುಚುತ್ತ ಮೆಟ್ಟಿಲಿಳಿದು ಓಡುತ್ತಿದ್ದರು. ಯಾಕೆಂದು ಕೇಳಿದರೆ ಭಾವನ ಮಗಳು ಚಂಪಾ, 'ಅವರು ಬಾಗ್ಲಾನೇ ತೆಗೆಯಲ್ಲ ಕಾಕೂ, ಪಕ್ಕಾ ಚುಡೈಲ್' ಎಂದಳು.

ಹಬ್ಬದ ಹಿಂದಿನ ದಿನ ಅತ್ತೆಯನ್ನು ಕೇಳಿದೆ, ಎದುರು ಮನೆಗೆ ಕರೆಯಬೇಡವೇ ಎಂದು. 'ಆಕಿ ಗಂಡ ಮನಿ ಬಿಟ್ಟು ಹೋಗಿ ಎಷ್ಟೋ ವರ್ಷ ಆತು. ಅದಾನೋ ಇಲ್ಲೋ ಯಾರಿಗ್ಗೊತ್ತು? ಕುಂಕುಮ ಹಚ್ಚಬೇಕೋ ಬ್ಯಾಡೋ? ಕರೀದಿದ್ರ ಚಿಂತೀನ ಇಲ್ಲ' ಎಂದರು. ಬಿಲ್ಡಿಂಗಿನ ಎಲ್ಲ ಹೆಂಗಸರೂ ವರ್ಷಗಟ್ಟಲೆ ಹಾಗೇ ಚಿಂತೆ ಕಳೆದುಕೊಂಡಿದ್ದಾರೆ. ಯಾರೂ ಕರೆಯದ ಮೇಲೆ ನೀವು ಬಾಗಿಲು ಹಾಕಿಕೊಂಡಿರಿ. ಹಾಕಿಕೊಂಡಿರೆಂದು ಹೆಸರಿಟ್ಟರು.

ಚಂಪಾ ಅಲ್ಲೇ ಇದ್ದಳು. 'ಗಂಡ ಕಳೆದುಹೋದ್ರೆ ಆಂಟಿಗ್ಯಾಕೆ ಪನಿಶ್‌ಮೆಂಟ್? ನನ್ನ ವಾಟರ್ ಬಾಟಲ್ ಕಳೆದಾಗ್ಲೂ ನೀವು ನಂಗೇ ಬೈದ್ರಿ ಅಜ್ಜಿ!' ಎಂದಳು. ಸಂಜೆ ಹಬ್ಬಕ್ಕೆ ಕರೆಯಲು ಗೆಳತಿಯರನ್ನೆಲ್ಲ ಎಳೆದುಕೊಂಡು ಹೋಗಿ ನಿಮ್ಮ ಬೆಲ್ ಒತ್ತಿದಳು. ಈ ಸಲ ಯಾರೂ ಓಡಲಿಲ್ಲ.

ಮರುದಿನ ನೀವು ಬಂದಿರಿ. ಮಡಿಕೆಯ ಗುರುತು ಇನ್ನೂ ಹೋಗದ ಇಳಕಲ್ ಸೀರೆ ಉಟ್ಟು ಬಂದಿರಿ. ಅತ್ತೆ ಸಾಲಾಗಿ ಕುಂಕುಮ ಹಚ್ಚುತ್ತ ನಿಮ್ಮ ಮುಂದೆ ಬಂದು, 'ಚಾ ತಗೋರಿ, ಚಾ ತಗೋರಿ' ಎನ್ನುತ್ತ ಮುಂದಿನವರ ಹಣೆಗೆ ಹೋದರು. ಚಂಪಾ ಬಟ್ಟಲಿಗೆ ಬೆರಳದ್ದಿ ತಾನೇ ನಿಮಗೆ ಹಚ್ಚಿದಳು. ಅತ್ತೆ ಅವಳ ಕೆನ್ನೆಗೆ ಹೊಡೆದರು. 'ಕೂಸಿಗೆ ಬಡೀಬ್ಯಾಡ್ರಿ' ಎಂದಷ್ಟೇ ಹೇಳಿ, ಸೆರಗಿನಿಂದ ಹಣೆ ಒರೆಸಿಕೊಂಡು ನೀವು ಹೊರಟಿರಿ. ಎಲ್ಲರೂ ಬಾಗಿನದ ಸ್ಟೀಲಿನ ಡಬ್ಬಿ ಇಸಿದುಕೊಂಡು, ಎಳ್ಳುಂಡೆ ತಿಂದು, ಒಳ್ಳೆಯ ಮಾತಾಡೋಣ ಎಂದು ಪರಸ್ಪರ ಹಾರೈಸಿ ಹೋದರು.

ನನ್ನ ಅಮೋಲ್, ನನ್ನ ಮುದ್ದು ಅಮೋಲ್, 'ಛೋಡ್ ನಾ ವಂದೂ, ಅಮ್ಮನ ಜನರೇಶನ್ನೇ ಹಾಗೆ' ಎಂದು ಮೊಬೈಲ್ ನೋಡತೊಡಗಿದ. ಮದುವೆಯಾದ ಮೊದಲ ವರ್ಷ ನಿಮ್ಮ ಹೊಸಿಲು ತುಳಿಯಬಾರದೆಂದು ಅತ್ತೆಯ ಅಪ್ಪಣೆಯೂ ಆಯಿತು.

ಆದರೆ ನಾನು ಬರೆಯುತ್ತಿರುವುದು ಇದಕ್ಕಲ್ಲ. 'ಸಾರಿ ಆಂಟಿ' ಎನ್ನಲು ಮಕ್ಕಳು ನಿಮ್ಮ ಬಾಗಿಲಿಗೆ ಬಂದರು, ನೀವು ತೆಗೆಯಲಿಲ್ಲ. ಚಂಪಾ ಮನೆಗೆ ಬಂದು ಊಟ ಬಿಟ್ಟು ಕೂತಳು. 'ಕಾಕೂ, ಇದೂ ನಮ್ಮ ಪ್ರ್ಯಾಂಕ್ ಅನ್ಕೊಂಡ್ರಾ ಅವರು? ಬೇಕಂತ್ಲೇ ಕರ್ದಿದ್ದು ಅಂತ?' ಅವಳಿಗೆ ಏನು ಹೇಳಲಿ?

ಅಲ್ಲ, ಕಸ್ತೂರಿಬಾಯಿಯವರೇ. ಆ ಕರೆ ನಿಜವಾಗಿತ್ತು. ಇಡೀ ಬಿಲ್ಡಿಂಗಿನಲ್ಲಿ ನಿಮ್ಮನ್ನು ಮನಸಾರೆ ಕರೆದವರು ಆ ಮಕ್ಕಳು ಮಾತ್ರ. ನಮ್ಮನ್ನು ಕ್ಷಮಿಸಬೇಡಿ, ನಾವು ಅದಕ್ಕೆ ಲಾಯಕ್ಕಿಲ್ಲ. ಅವರನ್ನು ಮಾತ್ರ ನಂಬಿ. ನಾಳೆ ಮಧ್ಯಾಹ್ನ ಚಂಪಾಳ ಕೈ ಹಿಡಿದು ಬರುತ್ತೇನೆ, ಅತ್ತೆಗೆ ಹೇಳಿಯೇ ಬರುತ್ತೇನೆ. ನೀವು ಬಾಗಿಲು ತೆರೆಯದಿದ್ದರೂ ತಪ್ಪು ನಿಮ್ಮದಲ್ಲ ಎಂದು ಅವಳಿಗೆ ಈಗಲೇ ತಿಳಿಸಿ ಹೇಳಿದ್ದೇನೆ.

ನಿಮಗೆ ದೀರ್ಘಾಯುಷ್ಯ ಬೇಡುತ್ತೇನೆ, ಯಾವ ಗಂಡಸಿನ ಆಯುಷ್ಯಕ್ಕೂ ಕಟ್ಟಿಹಾಕದಂಥದ್ದು.

ನಿಮ್ಮ ಎದುರು ಮನೆಯ,
ವಂದನಾ